ಫ್ರೆಂಚ್ ಲಾಂಛನದ ಬಿಲ್ಲೆಗಳು: ಯಾವ ಬಗೆಯಿಂದ ಶುರು ಮಾಡೋದು?

ಜೆತೋನ್, ಅಂದರೆ ಈ ಬಿಲ್ಲೆ, ನಾಣ್ಯ ಅಲ್ಲ. ಇದೊಂದನ್ನು ಮೊದಲು ತಲೆಗೆ ಹಾಕಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ. ನೋಡಲು ನಾಣ್ಯದ ಹಾಗೇ ದುಂಡಗಿರುತ್ತದೆ. ಅಗಲ ಸುಮಾರು 28ರಿಂದ 30 ಮಿಲಿಮೀಟರ್. ಹಿತ್ತಾಳೆ, ತಾಮ್ರ ಅಥವಾ ಬೆಳ್ಳಿಯದು. ಆದರೆ ಅದರ ಮೇಲೆ ಬೆಲೆ ಇಲ್ಲ, ಅದನ್ನು ಕೊಟ್ಟರೆ ಅಂಗಡಿಯಲ್ಲಿ ಸಾಮಾನು ಸಿಗುತ್ತಿರಲಿಲ್ಲ. ಅದು ಲೆಕ್ಕದ ಬಿಲ್ಲೆ. ಫ್ರೆಂಚಿನಲ್ಲಿ 'ಜೆತೆ' ಅಂದರೆ ಎಸೆಯುವುದು, ಹಾಕುವುದು. ಗೆರೆ ಎಳೆದ ಹಲಗೆಯ ಮೇಲೆ ಬಿಲ್ಲೆ ಹಾಕುತ್ತಾ, ಸರಿಸುತ್ತಾ ಕೂಡುತ್ತಿದ್ದರು, ಕಳೆಯುತ್ತಿದ್ದರು. 13ನೇ ಶತಮಾನದಿಂದಲೇ ಫ್ರಾನ್ಸಿನ ಅರಮನೆಯ ಲೆಕ್ಕಿಗರು ಇವನ್ನು ಬಳಸುತ್ತಿದ್ದರು.

ಕಾಗದದ ಮೇಲೆ ಅಂಕಿ ಬರೆದು ಲೆಕ್ಕ ಮಾಡೋದು ರೂಢಿಯಾದ ಮೇಲೂ ಬಿಲ್ಲೆ ನಿಲ್ಲಲಿಲ್ಲ. ಅದು ಉಡುಗೊರೆಯಾಯಿತು. ಹೊಸ ವರ್ಷದ ದಿನ ರಾಜನಿಗೆ, ಮಂತ್ರಿಗಳಿಗೆ, ಕಚೇರಿಯ ದೊಡ್ಡವರಿಗೆ ನೂರು ಬಿಲ್ಲೆ ತುಂಬಿದ ಚೀಲ ಕೊಡುತ್ತಿದ್ದರು. ನಾಲ್ಕನೇ ಹೆನ್ರಿಯ ಖಜಾನೆ ನೋಡಿಕೊಳ್ಳುತ್ತಿದ್ದ ಸುಲಿ ಈ ಕೆಲಸವನ್ನು ತುಂಬಾ ಶ್ರದ್ಧೆಯಿಂದ ಮಾಡುತ್ತಿದ್ದ. ಕೊಟ್ಟವರು ಯಾರು ಅಂತ ನೆನಪಿರಬೇಕಲ್ವಾ? ಹಾಗಾಗಿ ಒಂದು ಮುಖದಲ್ಲಿ ಅವರ ಮನೆತನದ ಲಾಂಛನ ಇರುತ್ತಿತ್ತು. ಮೈಸೂರು ಅರಸರಿಗೆ ಗಂಡಭೇರುಂಡ ಇದ್ದ ಹಾಗೆ, ಅಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಗುರಾಣಿ. ಗುರಾಣಿಯ ಮೇಲೆ ಪ್ರಾಣಿ, ಹೂವು, ಪಟ್ಟೆ, ಶಿಲುಬೆ.

ಈ ಬಿಲ್ಲೆಗಳು ಸಾವಿರಾರು ಬಗೆಯವು. ಎಲ್ಲವನ್ನೂ ಕೂಡಿಡಲು ಯಾರಿಂದಲೂ ಆಗದು. ಹೊಸಬರು ಸಾಮಾನ್ಯವಾಗಿ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಳ್ಳುತ್ತಾರೆ. ಎರಡು ವರ್ಷ ಕಳೆದ ಮೇಲೆ ಡಬ್ಬಿ ತುಂಬಿರುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರುವುದಿಲ್ಲ. ನಾನೂ ಹಾಗೇ ಶುರು ಮಾಡಿದ್ದೆ. ಈಗ ನನ್ನ ಅಳತೆಗೋಲು ಒಂದೇ. ಈ ಬಿಲ್ಲೆ ಹಿಡಿದು ಒಬ್ಬ ಮನುಷ್ಯನ ತನಕ ಹೋಗಬಹುದಾ? ಅವನ ಹೆಸರು, ಊರು, ಕಾಲ, ಅವನು ಮಾಡಿದ ಕೆಲಸ ಗೊತ್ತಾಗುತ್ತದಾ? ಗೊತ್ತಾಗುವುದಾದರೆ ಆ ಬಿಲ್ಲೆಗೆ ದುಡ್ಡು ಕೊಡುತ್ತೇನೆ. ಇಲ್ಲದಿದ್ದರೆ ಎಷ್ಟೇ ಹೊಳೆದರೂ ಬಿಡುತ್ತೇನೆ. ಕೆಳಗೆ ಬಗೆಗಳನ್ನು ಹೋಲಿಸುವುದೂ ಇದೇ ಅಳತೆಯಲ್ಲಿ.

ದೊಡ್ಡ ಹೆಸರಿನ ಮನೆತನಗಳು

ಎಲ್ಲರ ಕಣ್ಣೂ ಮೊದಲು ಬೀಳುವುದು ಇಲ್ಲೇ. ಮೂರು ಬಿಲ್ಲೆಗಳ ಉದಾಹರಣೆ ಕೊಡುತ್ತೇನೆ. ಒಂದರಲ್ಲಿ ಅಳಿಲು. ಅದು 14ನೇ ಲೂಯಿಯ ಖಜಾನೆಯ ಮುಖ್ಯಸ್ಥನಾಗಿದ್ದ ನಿಕೊಲಾ ಫುಕೆಯದು. ಪಶ್ಚಿಮ ಫ್ರಾನ್ಸಿನ ಆಡುಮಾತಿನಲ್ಲಿ 'ಫುಕೆ' ಅಂದರೆ ಅಳಿಲು. ಹೆಸರೇ ಲಾಂಛನವಾಗಿತ್ತು. ಅವನ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ 'ಕ್ವೊ ನಾನ್ ಅಸೆಂಡೆಟ್', ಅಂದರೆ 'ಎಲ್ಲಿಗೆ ತಾನೇ ಏರದು?'. ಎರಡನೆಯದರಲ್ಲಿ ನೆಟ್ಟಗೆ ನಿಂತ ಹಾವು. ಅದು 14ನೇ ಲೂಯಿಯ ಇನ್ನೊಬ್ಬ ಮಂತ್ರಿ ಕೊಲ್ಬೆರ್‌ನದು. ಹಾವಿಗೆ ಲ್ಯಾಟಿನ್‌ನಲ್ಲಿ 'ಕೊಲುಬೆರ್' ಅನ್ನುತ್ತಾರೆ, ಇದೂ ಹೆಸರಿನ ಆಟವೇ. ಮೂರನೆಯದರಲ್ಲಿ ಮೂರು ಹಲ್ಲಿಗಳು. ಅದು ಲ ತೆಲ್ಯೆ ಮನೆತನದ್ದು, ಯುದ್ಧಮಂತ್ರಿ ಲೂವ್ವಾ ಹುಟ್ಟಿದ ಮನೆ. ಏರುತ್ತಾ ಹೋದ ಅಳಿಲನ್ನು 1661ರ ಸೆಪ್ಟೆಂಬರ್ 5ರಂದು ನಾಂತ್ ಊರಿನಲ್ಲಿ ಸೆರೆ ಹಿಡಿದರು. ಅದರ ಹಿಂದೆ ಕೊಲ್ಬೆರ್‌ನ ಕೈ ಇತ್ತು. ಈ ಮೂರು ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟರೆ ಹಾವು, ಹಲ್ಲಿ, ಅಳಿಲುಗಳಲ್ಲೇ ಆ ಆಸ್ಥಾನದ ಜಗಳ ಕಾಣುತ್ತದೆ.

ಅಷ್ಟು ಚೆನ್ನಾಗಿದ್ದರೆ ಅಲ್ಲಿಂದಲೇ ಶುರು ಮಾಡಬಾರದಾ? ಬೇಡ ಅನ್ನುತ್ತೇನೆ. ಹೆಸರು ದೊಡ್ಡದಾದಷ್ಟೂ ಬೆಲೆ ಜಾಸ್ತಿ, ಹರಾಜಿನಲ್ಲಿ ಪೈಪೋಟಿಯೂ ಜಾಸ್ತಿ. ಇನ್ನೊಂದು ತೊಂದರೆಯೂ ಇದೆ. ದೊಡ್ಡವರ ಬಗ್ಗೆ ಎಲ್ಲ ಬರೆದಾಗಿದೆ. ನೀವು ಹುಡುಕಿ ಕಂಡುಕೊಳ್ಳುವಂಥದ್ದು ಏನೂ ಉಳಿದಿರುವುದಿಲ್ಲ.

ಸಣ್ಣ ಮನೆತನಗಳ ಬಿಲ್ಲೆಗಳದು ಇದಕ್ಕೆ ವಿರುದ್ಧ. ಬೆಲೆ ಕಡಿಮೆ. ಎಷ್ಟೋ ಸಲ ಮಾರುವವರಿಗೇ ಯಾರದು ಅಂತ ಗೊತ್ತಿರುವುದಿಲ್ಲ, 'ಗುರುತಿಸದ ಲಾಂಛನ' ಅಂತ ಬರೆದಿರುತ್ತಾರೆ. ಬಿಲ್ಲೆಯ ಮೇಲೆ ಹೆಸರೂ ಇರುವುದಿಲ್ಲ, ಬರೀ ಒಂದು ಲ್ಯಾಟಿನ್ ವಾಕ್ಯ ಮತ್ತು ಗುರಾಣಿ. ಒಂದನ್ನು ಗುರುತಿಸಲು ನನಗೆ ಏಳು ತಿಂಗಳು ಹಿಡಿಯಿತು. ಲಾಂಛನ ಓದಲು ಕಲಿತವರಿಗೆ ಇದು ಚಿನ್ನದ ಗಣಿ. ಕಲಿಯದವರಿಗೆ ಕೈ ಸೋಲುವ ದಾರಿ. ಆದ್ದರಿಂದ ಇದನ್ನು ಎರಡನೇ ಹೆಜ್ಜೆಯಾಗಿ ಇಟ್ಟುಕೊಳ್ಳಿ.

ಮೇಯರುಗಳ ಸಾಲು

ಮೊದಲ ಹೆಜ್ಜೆ ಇದು. ಒಂದು ಊರನ್ನು ಆರಿಸಿ, ಆ ಊರಿನ ಮೇಯರುಗಳ ಬಿಲ್ಲೆಗಳನ್ನು ಮಾತ್ರ ಕೂಡಿಡಿ.

ಫ್ರಾನ್ಸಿನ ಕೆಲವು ಊರುಗಳಲ್ಲಿ ಅಧಿಕಾರಕ್ಕೆ ಬಂದ ಮೇಯರ್ ತನ್ನ ಹೆಸರಿನಲ್ಲಿ ಬಿಲ್ಲೆ ಹೊಡೆಸುವ ಪದ್ಧತಿ 16ನೇ ಶತಮಾನದಿಂದ ಕ್ರಾಂತಿಯ ತನಕ ನಡೆಯಿತು. ದಿಜೋಂ, ನಾಂತ್, ತೂರ್, ಆಂಜೆ ಇದಕ್ಕೆ ಹೆಸರಾದವು. ಪ್ಯಾರಿಸ್ ಮತ್ತು ಲಿಯೋಂ ಊರುಗಳಲ್ಲಿ ಮೇಯರನ ಜಾಗದಲ್ಲಿ 'ವರ್ತಕರ ಮುಖ್ಯಸ್ಥ' ಇರುತ್ತಿದ್ದ. ಅವರ ಬಿಲ್ಲೆಗಳೂ ಇವೆ. ಒಂದು ಕಡೆ ಮೇಯರನ ಮನೆತನದ ಲಾಂಛನ, ಇನ್ನೊಂದು ಕಡೆ ಸಾಮಾನ್ಯವಾಗಿ ಊರಿನ ಲಾಂಛನ. ಸುತ್ತಲೂ ಹೆಸರು, ಹುದ್ದೆ, ಬಹಳ ಸಲ ಇಸವಿ. ನನ್ನ ಅಳತೆಗೋಲಿನಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಗುರಾಣಿ ಓದಲು ಬರದಿದ್ದರೂ ಹೆಸರು ಸಿಕ್ಕಿಬಿಡುತ್ತದೆ. ಹೆಸರು ಸಿಕ್ಕಿದ ಮೇಲೆ ಗುರಾಣಿಯನ್ನು ಅದಕ್ಕೆ ಹೊಂದಿಸಿ ನೋಡುತ್ತಾ ನೋಡುತ್ತಾ ಓದಲು ಬರುತ್ತದೆ. ಮಗು ಅಕ್ಷರ ಕಲಿಯುವುದು ಹಾಗೇ ತಾನೆ?

ನಾಂತ್ ನನ್ನ ಊರು, ಅಂದರೆ ನಾನು ಆರಿಸಿಕೊಂಡದ್ದು. ಊರಿನ ಲಾಂಛನ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಹಾಯಿ ಬಿಚ್ಚಿದ ಹಡಗು, ಅದರ ಮೇಲೆ ಬ್ರಿಟನಿ ಪ್ರಾಂತ್ಯದ ಗುರುತಾದ ಎರ್ಮಿನ್ ಅನ್ನುವ ಸಣ್ಣ ಪ್ರಾಣಿಯ ತುಪ್ಪಳದ ಚುಕ್ಕೆಗಳು. 1720ರಿಂದ 1729ರವರೆಗೆ ಅಲ್ಲಿ ಮೇಯರ್ ಆಗಿದ್ದವನು ಜೆರಾರ್ ಮೆಲ್ಯೆ. ಅವನ ಬಿಲ್ಲೆ ಕೈಗೆ ಬಂದಾಗ ನನಗೆ ಗೊತ್ತಿದ್ದದ್ದು ಹೆಸರು ಮಾತ್ರ. ಊರಿಗೆ ಬೆಂಕಿ ಆರಿಸುವ ಪಂಪು ತಂದವನು, ಬೀದಿಗಳನ್ನು ಸರಿಪಡಿಸಿದವನು ಅಂತ ಓದಿ ಖುಷಿಯಾಯಿತು. ಇನ್ನೂ ಓದಿದೆ. ಮೇಯರ್ ಆಗುವ ಮುಂಚೆ ಅದೇ ಮನುಷ್ಯ, ವಸಾಹತುಗಳಿಂದ ಫ್ರಾನ್ಸಿಗೆ ಕರೆತಂದ ಗುಲಾಮರು ಅಲ್ಲೂ ಒಡೆಯರ ಸೊತ್ತಾಗಿಯೇ ಉಳಿಯಬೇಕು ಅಂತ ವಾದಿಸಿ ಬರೆದುಕೊಟ್ಟಿದ್ದ. 1716ರ ರಾಜಾಜ್ಞೆಗೆ ಆ ಬರಹವೇ ತಳಹದಿ. 18ನೇ ಶತಮಾನದಲ್ಲಿ ಫ್ರಾನ್ಸಿನ ಗುಲಾಮ ವ್ಯಾಪಾರದ ದೊಡ್ಡ ಬಂದರು ನಾಂತ್. ಅವನ ನಂತರ ಎರಡು ಸಲ ಮೇಯರ್ ಆದ ರೆನೆ ದಾರ್ಕಿಸ್ತಾದ್ ಆ ವ್ಯಾಪಾರದ ಹಡಗುಗಳ ಒಡೆಯನೇ ಆಗಿದ್ದ. ಆಮೇಲೆ ಆ ಬಿಲ್ಲೆಯ ಹಡಗು ನನಗೆ ಬೇರೆ ಥರ ಕಂಡಿತು. ಮಾರಿಬಿಡಲಾ ಅಂತ ಯೋಚಿಸಿದ್ದೂ ಉಂಟು. ಇಟ್ಟುಕೊಂಡೆ. ಅದರ ಚೀಟಿಯಲ್ಲಿ ಎರಡೂ ವಿಷಯ ಬರೆದಿಟ್ಟಿದ್ದೇನೆ.

ಅಂಗೈಯಗಲದ ತಾಮ್ರದ ತುಂಡೂ ಅಲ್ಲದ ಇಷ್ಟು ಸಣ್ಣ ಬಿಲ್ಲೆ ಇಷ್ಟು ದೂರ ಕರೆದುಕೊಂಡು ಹೋಗುತ್ತದೆ. ಮೇಯರುಗಳ ಸಾಲನ್ನು ನಾನು ಮೊದಲು ಇಡುವುದು ಇದಕ್ಕೇ.

ದಿಜೋಂ ಊರಿನ ಸಾಲು ಇನ್ನೂ ಉದ್ದ. ಅಲ್ಲಿನ ಮೇಯರಿಗೆ 'ವಿಕೋಂತ್ ಮೇಯರ್' ಅನ್ನುವ ಬಿರುದು ಇತ್ತು. ಹಳೆಯ ಕಾಲದಲ್ಲಿ ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತಿತ್ತು, ಹಾಗಾಗಿ ಹೆಸರುಗಳು ಜಾಸ್ತಿ, ಬಿಲ್ಲೆಗಳೂ ಜಾಸ್ತಿ. ತಾಮ್ರದವು ಸುಲಭವಾಗಿ ಸಿಗುತ್ತವೆ. 16ನೇ ಶತಮಾನದ ಹಳೆಯ ಬಿಲ್ಲೆಗಳ ರುಚಿ ಇದ್ದವರಿಗೆ ದಿಜೋಂ ಒಳ್ಳೆಯದು. ಸಾಲು ಮುಗಿಸಬೇಕು ಅನ್ನುವ ಹಟ ಇದ್ದವರು ಬೇರೆ ಊರು ನೋಡಿ, ದಿಜೋಂ ಒಂದು ಜನ್ಮಕ್ಕೆ ಮುಗಿಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಲಾಂಛನ ಇದೆ ಅಂದ ಮಾತ್ರಕ್ಕೆ ಅದು ಕುಲೀನರ ಮನೆ ಅಲ್ಲ. ಫ್ರಾನ್ಸಿನಲ್ಲಿ ವ್ಯಾಪಾರಿ, ವಕೀಲ, ಊರು, ಮಠ, ಕಸುಬುದಾರರ ಸಂಘ ಎಲ್ಲರೂ ಲಾಂಛನ ಇಟ್ಟುಕೊಳ್ಳಬಹುದಿತ್ತು. 1696ರ ನವೆಂಬರಿನಲ್ಲಿ ಯುದ್ಧಕ್ಕೆ ಹಣ ಸಾಲದೆ 14ನೇ ಲೂಯಿ ಲಾಂಛನಗಳ ನೋಂದಣಿ ಕಡ್ಡಾಯ ಮಾಡಿದ. ಒಬ್ಬ ವ್ಯಕ್ತಿಗೆ 20 ಲಿವ್ರ್ ಶುಲ್ಕ. ಆಗ ನೋಂದಣಿ ಆದವರಲ್ಲಿ ಸಾಮಾನ್ಯ ಜನ ಬಹಳ. ಇನ್ನು ಕೆಲವು ಊರುಗಳಲ್ಲಿ ಮೇಯರ್ ಆದರೆ ಕುಲೀನ ಪದವಿ ತಾನಾಗಿ ಬರುತ್ತಿತ್ತು. ಊರಿನ ಗಂಟೆ ಬಾರಿಸಿ ಸಭೆ ಕರೆಯುತ್ತಿದ್ದರಿಂದ ಅದಕ್ಕೆ 'ಗಂಟೆಯ ಕುಲೀನತೆ' ಅಂತ ಹೆಸರು. ನಾಂತ್ ಅಂಥ ಊರು. ಮಾರುವವರು 'ಕುಲೀನ ಮನೆತನದ ಬಿಲ್ಲೆ' ಅಂತ ಬೆಲೆ ಏರಿಸಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಪ್ರಾಂತ್ಯದ ಸಭೆಗಳು

ಬರ್ಗಂಡಿ, ಬ್ರಿಟನಿ, ಲಾಂಗ್‌ದೊಕ್ ಪ್ರಾಂತ್ಯಗಳಲ್ಲಿ ಪಾದ್ರಿಗಳು, ಕುಲೀನರು, ಊರುಗಳ ಪ್ರತಿನಿಧಿಗಳು ಸೇರುವ ಸಭೆಗಳಿದ್ದವು. ಸಭೆ ಸೇರಿದಾಗ ಬಿಲ್ಲೆ ಹೊಡೆಸಿ ಹಂಚುತ್ತಿದ್ದರು. ಬರ್ಗಂಡಿಯ ಸಭೆ ಮೂರು ವರ್ಷಕ್ಕೊಮ್ಮೆ, ಬ್ರಿಟನಿಯದು ಎರಡು ವರ್ಷಕ್ಕೊಮ್ಮೆ, ಲಾಂಗ್‌ದೊಕ್‌ನದು ಪ್ರತಿ ವರ್ಷ. ಬರ್ಗಂಡಿಯದರ ಮೇಲೆ 'ಕೊಮಿತಿಯಾ ಬುರ್ಗುಂಡಿಯೆ' ಅಂತಲೂ, ಲಾಂಗ್‌ದೊಕ್‌ನದರ ಮೇಲೆ 'ಕೊಮಿತಿಯಾ ಒಕ್ಸಿತಾನಿಯೆ' ಅಂತಲೂ ಇರುತ್ತದೆ. ಬ್ರಿಟನಿಯ ಬಿಲ್ಲೆಯಲ್ಲಿ ಲಿಲಿ ಹೂವು ಮತ್ತು ಎರ್ಮಿನ್ ಚುಕ್ಕೆ ಸೇರಿದ ಗುರಾಣಿ.

ಗುರುತಿಸುವುದು ಬಲು ಸುಲಭ. ಇಸವಿ ಸ್ಪಷ್ಟ. ಸಾಲು ಪೂರ್ತಿ ಮಾಡುವ ಆಸೆ ಇದ್ದವರಿಗೆ ಬ್ರಿಟನಿ ಹೇಳಿ ಮಾಡಿಸಿದ ಹಾಗಿದೆ. ಬೆಳ್ಳಿಯವೂ ಸಾಕಷ್ಟು ಸಿಗುತ್ತವೆ. ಆದರೆ ಲಾಂಛನ ಪ್ರಾಂತ್ಯದ್ದು, ಮನೆತನದ್ದಲ್ಲ. ಹತ್ತು ಬಿಲ್ಲೆ ಇಟ್ಟರೆ ಹತ್ತರಲ್ಲೂ ಒಂದೇ ಗುರಾಣಿ, ಇಸವಿ ಮಾತ್ರ ಬೇರೆ. ನನಗೆ ಇದು ಬೇಗ ಸಾಕಾಯಿತು. ಅಚ್ಚುಗಳ ಸಣ್ಣ ಸಣ್ಣ ವ್ಯತ್ಯಾಸ ನೋಡುವುದರಲ್ಲಿ ಸುಖ ಕಾಣುವವರಿಗೆ ಸಾಕಾಗುವುದಿಲ್ಲ.

ರಾಜನ ಕಚೇರಿಗಳು, ಮತ್ತೆ ಉಳಿದವು

ಖಜಾನೆ, ಯುದ್ಧದ ಖರ್ಚು, ನೌಕಾಪಡೆ, ಕಟ್ಟಡಗಳು, ಅರಮನೆಯ ಅಡುಗೆ ಖರ್ಚು, ಹೀಗೆ ಒಂದೊಂದು ಕಚೇರಿಗೂ ಪ್ರತಿ ವರ್ಷ ಹೊಸ ಬಿಲ್ಲೆ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಒಂದು ಚಿತ್ರ ಮತ್ತು ಲ್ಯಾಟಿನ್ ಮಾತು. ಆ ಮಾತುಗಳನ್ನು ಕಟ್ಟಿಕೊಡಲೆಂದೇ ವಿದ್ವಾಂಸರಿದ್ದರು. ಕೊಲ್ಬೆರ್ 1663ರಲ್ಲಿ ಕಟ್ಟಿದ ಸಣ್ಣ ಮಂಡಳಿಯ ಕೆಲಸಗಳಲ್ಲಿ ಅದೂ ಒಂದು. ಕೆತ್ತನೆ ಅದ್ಭುತ. ಬೆಳ್ಳಿಯದೇ ನೂರು ಯೂರೋದೊಳಗೆ ಸಿಗುವುದು ಅಪರೂಪವೇನಲ್ಲ. ಆದರೆ ಲಾಂಛನ ಬೇಕು ಅಂದವರಿಗೆ ಇಲ್ಲಿ ಹೆಚ್ಚೇನೂ ಇಲ್ಲ. ರಾಣಿಯರ ಮನೆವಾರ್ತೆಯ ಬಿಲ್ಲೆಗಳು ಮಾತ್ರ ಬೇರೆ. 15ನೇ ಲೂಯಿಯ ಹೆಂಡತಿ ಮಾರಿ ಲೆಶ್ಚಿನ್ಸ್ಕಾ ಬಿಲ್ಲೆಯಲ್ಲಿ ಫ್ರಾನ್ಸಿನ ಲಿಲಿಗಳ ಪಕ್ಕ ಪೋಲೆಂಡಿನ ಹದ್ದು, ಲಿಥುವೇನಿಯಾದ ಕುದುರೆ ಸವಾರ, ನಡುವೆ ಅವಳ ತವರುಮನೆಯ ಗೂಳಿ ತಲೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಇದೇ ಗುಂಪಿನಲ್ಲಿ 1751ರಿಂದ 1758ರವರೆಗಿನ ಅಮೆರಿಕದ ಫ್ರೆಂಚ್ ವಸಾಹತುಗಳ ಬಿಲ್ಲೆಗಳಿವೆ. ಅಮೆರಿಕದ ಸಂಗ್ರಾಹಕರೆಲ್ಲ ಇವುಗಳ ಹಿಂದೆ ಬಿದ್ದಿರುವುದರಿಂದ ಬೆಲೆ ಏರಿದೆ, ಮರುಹೊಡೆತಗಳೂ (ಹಳೆಯ ಅಚ್ಚಿನಿಂದ ಆಮೇಲೆ ಹೊಡೆದವು) ತುಂಬಿವೆ. ಲಾಂಛನದವರಿಗೆ ಇದು ದಾರಿಯಲ್ಲ.

ಭಾರತದ ನಂಟು ಬೇಕು ಅನ್ನುವವರು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಬಿಲ್ಲೆ ಹುಡುಕಬಹುದು. ಪಾಂಡಿಚೇರಿಯನ್ನು ಆಳಿದ್ದು ಇದೇ ಕಂಪನಿ. ಅದರ ಲಾಂಛನದ ಮಾತು 'ಫ್ಲೊರೆಬೊ ಕ್ವೊಕುಂಕ್ವೆ ಫೆರಾರ್', 'ಎಲ್ಲಿಗೆ ಒಯ್ದರೂ ಅರಳುತ್ತೇನೆ'. ಸಂಗ್ರಹದಲ್ಲಿ ಒಂದಿದ್ದರೆ ಚೆಂದ, ಅದರದೇ ಸಾಲು ಕಟ್ಟಲಾಗದು.

ವೈದ್ಯರಾಗಿರುವ ಓದುಗರಿಗೆ ಒಂದು ಮಾತು. ಪ್ಯಾರಿಸ್ ವೈದ್ಯಶಾಲೆಯ ಡೀನರೂ ಬಿಲ್ಲೆ ಹೊಡೆಸುತ್ತಿದ್ದರು. ಡೀನನ ಮುಖ ಅಥವಾ ಲಾಂಛನ, ಜೊತೆಗೆ ಶಾಲೆಯ ಗುರುತಾದ ಮೂರು ಕೊಕ್ಕರೆಗಳು. ಹೆಸರು ಇರುತ್ತದೆ, ಇಸವಿ ಇರುತ್ತದೆ. ಮೇಯರುಗಳ ಸಾಲಿಗೆ ಸರಿಸಾಟಿ ಅಂತ ನಾನು ಹೇಳುವುದು ಇದೊಂದನ್ನೇ.

ನ್ಯೂರೆಂಬರ್ಗ್ ಬಿಲ್ಲೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜರ್ಮನಿಯ ಆ ಊರಿನಲ್ಲಿ ಕ್ರೌವಿಂಕೆಲ್, ಲೌಫರ್ ಮುಂತಾದ ಮನೆಗಳವರು ತೆಳು ಹಿತ್ತಾಳೆಯಲ್ಲಿ ರಾಶಿ ರಾಶಿ ಹೊಡೆದು ಯುರೋಪಿಗೆಲ್ಲ ಮಾರಿದರು. ಫ್ರೆಂಚ್ ರಾಜರ ಮುಖವನ್ನೂ ನಕಲು ಮಾಡಿದರು. ತೀರಾ ಅಗ್ಗ. ಕೈಯಲ್ಲಿ ಹಿಡಿದು ಅಭ್ಯಾಸ ಮಾಡಲು ಎರಡು ಮೂರು ಕೊಳ್ಳಿ, ಸಾಕು. ಹಿತ್ತಾಳೆ ತೆಳುವಾಗಿದ್ದು, ಕೆಳಗೆ ಕುಶಲಕರ್ಮಿಯ ಹೆಸರು ಇದ್ದರೆ ಅದು ಪ್ಯಾರಿಸ್‌ನದಲ್ಲ ಅಂತ ತಿಳಿಯಿರಿ.

ಮೂಲ ಹೊಡೆತವೋ, ಮರುಹೊಡೆತವೋ

ಬಗೆ ಯಾವುದನ್ನೇ ಆರಿಸಿ, ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಹಳೆಯ ಅಚ್ಚುಗಳನ್ನು ಪ್ಯಾರಿಸ್ ಟಂಕಸಾಲೆ ಜೋಪಾನವಾಗಿ ಇಟ್ಟುಕೊಂಡಿತ್ತು. 19ನೇ ಶತಮಾನದಲ್ಲಿ ಸಂಗ್ರಾಹಕರಿಗಾಗಿ ಅದೇ ಅಚ್ಚುಗಳಿಂದ ಮತ್ತೆ ಹೊಡೆದು ಮಾರಿತು. ಚಿತ್ರ ಹಳೆಯದೇ, ಇಸವಿಯೂ ಹಳೆಯದೇ, ಲೋಹ ಮಾತ್ರ ಹೊಸದು.

ನನ್ನ ಮೊದಲ ಬೆಳ್ಳಿ ಬಿಲ್ಲೆ 1683 ಅಂತ ಇಸವಿ ಇದ್ದದ್ದು. ಆನ್‌ಲೈನ್ ಹರಾಜಿನಲ್ಲಿ ಕೊಂಡೆ. ಎರಡೂ ಮುಖಗಳ ಫೋಟೋ ಇತ್ತು, ಅಂಚಿನದು ಇರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಭೂತಗನ್ನಡಿ ಹಿಡಿದು ಅಂಚು ತಿರುಗಿಸಿ ನೋಡಿದರೆ ಒಂದು ಪುಟ್ಟ ಜೇನುನೊಣ, ಪಕ್ಕದಲ್ಲಿ ಫ್ರೆಂಚಿನಲ್ಲಿ 'ಬೆಳ್ಳಿ' ಅನ್ನುವ ಪದ. ಜೇನುನೊಣ ಅಂದರೆ 1860ರಿಂದ 1879ರ ನಡುವೆ ಹೊಡೆದದ್ದು. ಎರಡು ಶತಮಾನದ ವ್ಯತ್ಯಾಸ. ಮಾರಿದವರಿಗೆ ಬರೆದೆ, ವಾಪಸ್ ತೆಗೆದುಕೊಳ್ಳಲಿಲ್ಲ. ಮೂಲದ ಬೆಲೆಯನ್ನೇ ಕೊಟ್ಟಿದ್ದೆ. ತುಂಬಾ ದಿನ ಬೇಜಾರಾಗಿತ್ತು.

ಆದ್ದರಿಂದ ಮುಖ ನೋಡುವ ಮೊದಲು ಅಂಚು ನೋಡಿ. ಅಂಚಿನ ಗುರುತುಗಳ ಕಾಲ ಗೊತ್ತಿದೆ. ಹಳೆಯ ಎಣ್ಣೆದೀಪ ಇದ್ದರೆ 1832ರಿಂದ 1841. ಲಂಗರು ಇದ್ದರೆ 1841-42. ಹಡಗಿನ ಮೂತಿ 1842ರಿಂದ 1845. ಬೆರಳು ತೋರಿಸುವ ಕೈ 1845ರಿಂದ 1860. ಆಮೇಲೆ ಜೇನುನೊಣ. 1880ರಿಂದ ಈಚೆಗೆ ಹಣ್ಣುಹೂ ತುಂಬಿದ ಕೊಂಬು. ಜೊತೆಗೆ ಲೋಹದ ಹೆಸರು. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಆದರೆ ಅಂಚು ಖಾಲಿ ಇದೆ ಅಂತ ನಿಶ್ಚಿಂತೆ ಬೇಡ. 1832ಕ್ಕೆ ಮುಂಚಿನ ಮರುಹೊಡೆತಗಳಿಗೆ ಗುರುತೇ ಇಲ್ಲ. ಅಲ್ಲಿ ಬೇರೆ ಸುಳಿವು ನೋಡಬೇಕು. ಅಚ್ಚಿಗೆ ತುಕ್ಕು ಹಿಡಿದಿದ್ದರೆ ಬಿಲ್ಲೆಯ ಖಾಲಿ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅಚ್ಚು ಬಿರುಕು ಬಿಟ್ಟಿದ್ದರೆ ಗೆರೆಯೊಂದು ಉಬ್ಬಿರುತ್ತದೆ. ಬಿಲ್ಲೆ ಜಾಸ್ತಿ ದಪ್ಪ, ಅಂಚು ತೀರಾ ನೇರ ಇದ್ದರೂ ಅನುಮಾನ ಪಡಿ. ಎಂಟು ಮೂಲೆಯ ಆಕಾರ ಹೆಚ್ಚಾಗಿ 18ನೇ ಶತಮಾನದಿಂದ ಈಚಿನದು, 19ರಲ್ಲಿ ಎಲ್ಲೆಲ್ಲೂ ಬಂತು. ಎಂಟು ಮೂಲೆಯದನ್ನು ತೋರಿಸಿ 1650ರದು ಅಂದರೆ ನಂಬಬೇಡಿ.

ಹಾಗಂತ ಮರುಹೊಡೆತ ಕೀಳು ಅಂತಲ್ಲ. ಅದು ನಕಲಿ ಅಲ್ಲ, ಮೂಲ ಅಚ್ಚಿನದೇ ಕೂಸು. ಲಾಂಛನ ಓದಲು ಕಲಿಯುವವರಿಗೆ ತೇಯ್ದ ಮೂಲಕ್ಕಿಂತ ಚೂಪಾದ ಮರುಹೊಡೆತವೇ ಒಳ್ಳೆಯ ಗುರು. ಬೆಲೆಯೂ ಕಡಿಮೆ ಇರಬೇಕು. ಮೂಲದ ಬೆಲೆಗೆ ಮಾರಿದರೆ ಮಾತ್ರ ಅದು ಮೋಸ. ಆದರೆ ಆ ಕಾಲದ ಒಬ್ಬ ಗುಮಾಸ್ತನ ಬೆರಳು ತಾಗಿದ ಬಿಲ್ಲೆ ಬೇಕು ಅಂದರೆ ಮೂಲವೇ ಬೇಕು.

ಬೆಳ್ಳಿಯೋ, ತಾಮ್ರವೋ

ಒಂದೇ ಅಚ್ಚಿನಲ್ಲಿ ಎರಡನ್ನೂ ಹೊಡೆಯುತ್ತಿದ್ದರು. ದೊಡ್ಡವರಿಗೆ ಬೆಳ್ಳಿ, ಕೆಳಗಿನವರಿಗೆ ತಾಮ್ರ. ಇಸ್ಪೀಟಿನ ಮೇಜಿನಲ್ಲೂ ಬೆಳ್ಳಿ ಬಿಲ್ಲೆಗಳೇ ಓಡಾಡುತ್ತಿದ್ದವು. ಬೆಳ್ಳಿಯಲ್ಲಿ ಕೆತ್ತನೆ ಚೆನ್ನಾಗಿ ಉಳಿಯುತ್ತದೆ, ಆದರೆ ಜನ ಅದನ್ನು ಉಜ್ಜಿ ಉಜ್ಜಿ ಪಾಲಿಶ್ ಮಾಡಿ ಹಾಳು ಮಾಡಿರುತ್ತಾರೆ. ತಾಮ್ರವನ್ನು ಯಾರೂ ಉಜ್ಜಲು ಹೋಗಿಲ್ಲ. ಅದರ ಮೇಲೆ ಮುನ್ನೂರು ವರ್ಷದ ಕಂದು ಹೊಳಪು ಕೂತಿರುತ್ತದೆ. ಒಂದು ಬೆಳ್ಳಿಯ ದುಡ್ಡಿನಲ್ಲಿ ಹಲವು ತಾಮ್ರ ಬರುತ್ತವೆ. ಹಲವು ಅಂದರೆ ಹಲವು ಮನುಷ್ಯರು. ನಾನು ತಾಮ್ರದ ಪರ.

ತೂತು ಬಿದ್ದ ಬಿಲ್ಲೆಗಳೂ ಸಿಗುತ್ತವೆ. ಯಾರೋ ದಾರ ಪೋಣಿಸಿ ಕಟ್ಟಿಕೊಂಡದ್ದು. ಬೆಲೆ ತುಂಬಾ ಇಳಿದಿರುತ್ತದೆ. ತೂತು ಗುರಾಣಿಯ ಮೇಲೆ ಬೀಳದೆ ಅಂಚಿನಲ್ಲಿದ್ದರೆ ಧಾರಾಳವಾಗಿ ಕೊಳ್ಳಿ. ನನ್ನ ಮೆಲ್ಯೆ ಬಿಲ್ಲೆಗೂ ತೂತಿದೆ. ಉಜ್ಜಿದ್ದನ್ನು, ಕೆತ್ತನೆಯನ್ನು ಸೂಜಿಯಿಂದ ತಿದ್ದಿದ್ದನ್ನು ಮಾತ್ರ ಬೇಡವೇ ಬೇಡ.

ಗುರಾಣಿ ಓದೋದು

ಲೋಹದಲ್ಲಿ ಬಣ್ಣ ಇಲ್ಲ, ಆದರೂ ಬಣ್ಣ ಓದಬಹುದು. 1638ರಲ್ಲಿ ರೋಮಿನಲ್ಲಿ ಪೆತ್ರಾ ಸಾಂಕ್ತಾ ಅನ್ನುವ ಜೆಸ್ಯೂಟ್ ಪಾದ್ರಿಯ ಪುಸ್ತಕದಿಂದ ಒಂದು ಪದ್ಧತಿ ಎಲ್ಲ ಕಡೆ ಹರಡಿತು. ಅಡ್ಡ ಗೆರೆ ಇದ್ದರೆ ನೀಲಿ. ಲಂಬ ಗೆರೆ ಕೆಂಪು. ಚುಕ್ಕೆ ಚಿನ್ನ. ಏನೂ ಇಲ್ಲದಿದ್ದರೆ ಬೆಳ್ಳಿ. ಅಡ್ಡ, ಲಂಬ ಎರಡೂ ಸೇರಿದ ಜಾಲ ಕಪ್ಪು. ನಿಮ್ಮ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುವ ಓರೆ ಗೆರೆ ಹಸಿರು. ಕೊಲ್ಬೆರ್‌ನ ಹಾವಿನ ಹಿಂದೆ ಚುಕ್ಕೆ, ಹಾವಿನ ಮೈಮೇಲೆ ಅಡ್ಡ ಗೆರೆ ಕಂಡರೆ, ಚಿನ್ನದ ಮೇಲೆ ನೀಲಿ ಹಾವು ಅಂತ ಅರ್ಥ. ಇದರಿಂದ ಇನ್ನೊಂದು ಲಾಭವೂ ಇದೆ. 16ನೇ ಶತಮಾನದ ಬಿಲ್ಲೆ ಅಂತ ಹೇಳಿ ಗುರಾಣಿಯಲ್ಲಿ ಈ ಗೆರೆಗಳಿದ್ದರೆ ಏನೋ ಎಡವಟ್ಟಾಗಿದೆ.

ಕಿರೀಟ ನೋಡಿ ಪದವಿ ಹೇಳಬಹುದು. ಬರೀ ಎಲೆಗಳಿದ್ದರೆ ಡ್ಯೂಕ್, ಎಲೆ ಮತ್ತು ಮುತ್ತು ಸೇರಿದ್ದರೆ ಮಾರ್ಕಿ, ಬರೀ ಮುತ್ತಿನ ಸಾಲು ಇದ್ದರೆ ಕೌಂಟ್. ಆದರೆ ಪೂರ್ತಿ ನಂಬಬೇಡಿ, 18ನೇ ಶತಮಾನದಲ್ಲಿ ಪದವಿ ಇಲ್ಲದವರೂ ಕಿರೀಟ ಹಾಕಿಕೊಂಡರು. ಸುತ್ತಲಿನ ಸರಪಳಿಯ ಮೇಲೆ ಜಾಸ್ತಿ ಭರವಸೆ ಇಡಬಹುದು. 1578ರಲ್ಲಿ ಶುರುವಾದ ಸೇಂಟ್ ಎಸ್ಪ್ರಿ ಗೌರವದ ಸರ ಕಂಡರೆ ಆ ಮನುಷ್ಯ ಸಣ್ಣವನಲ್ಲ, ಆ ಗೌರವ ಪಡೆದವರ ಪಟ್ಟಿಯಲ್ಲಿ ಅವನ ಹೆಸರು ಸಿಗುತ್ತದೆ. ಎರಡು ಗುರಾಣಿ ಪಕ್ಕಪಕ್ಕ ಇದ್ದರೆ ಗಂಡ ಹೆಂಡತಿ. ನಿಮ್ಮ ಎಡಕ್ಕೆ ಕಾಣುವುದು ಗಂಡನದು. ಸುತ್ತ ಗಂಟು ಹಾಕಿದ ಹಗ್ಗ ಇದ್ದರೆ ಸಾಮಾನ್ಯವಾಗಿ ವಿಧವೆಯದು. ಹೆಂಡತಿಯ ಗುರಾಣಿ ಸಿಕ್ಕರೆ ಗುರುತಿಸುವ ಕೆಲಸ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಆ ಎರಡು ಮನೆಗಳ ನಡುವೆ ನಡೆದ ಮದುವೆಗಳು ಕೆಲವೇ.

ಹುಡುಕಲು 1696ರ ನೋಂದಣಿ ಪುಸ್ತಕಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲ್ಲಿಕಾ ತಾಣದಲ್ಲಿ ಪುಕ್ಕಟೆಯಾಗಿವೆ. ಬೆಂಗಳೂರಿನಲ್ಲೇ ಕೂತು ಪುಟ ತಿರುಗಿಸಬಹುದು. ಹರಾಜಿನ ಪಟ್ಟಿಗಳಲ್ಲಿ ಬಿಲ್ಲೆಯ ಹೆಸರಿನ ಜೊತೆ ಫ್ಯೂಆರ್ದಾಂ ಸಂಖ್ಯೆ ಅಂತ ಒಂದು ಅಂಕಿ ಇರುತ್ತದೆ. ಅದು ಹಳೆಯ ದೊಡ್ಡ ಸಂಗ್ರಹವೊಂದರ ಕ್ರಮಸಂಖ್ಯೆ. ಅದನ್ನು ನಿಮ್ಮ ಚೀಟಿಯಲ್ಲಿ ಬರೆದುಕೊಂಡರೆ ಮುಂದೆ ಹೋಲಿಸಲು ಸುಲಭ. 1790ರ ಜೂನ್ 19ರಂದು ಫ್ರಾನ್ಸಿನ ಸಭೆ ಕುಲೀನ ಪದವಿಗಳನ್ನೂ ಲಾಂಛನಗಳನ್ನೂ ರದ್ದು ಮಾಡಿತು. ಹಾಗಾಗಿ ನಿಮ್ಮ ಹುಡುಕಾಟಕ್ಕೆ ಒಂದು ಕೊನೆಯ ಗಡಿ ಇದೆ.

ಇಲ್ಲಿಂದ ಕೊಳ್ಳುವವರಿಗೆ

ಪ್ಯಾರಿಸ್‌ಗೆ ಹೋಗುವ ಅವಕಾಶ ಸಿಕ್ಕರೆ ರಿಶ್‌ಲ್ಯೂ ಬೀದಿ, ವಿವಿಯೆನ್ ಬೀದಿಯ ಸುತ್ತ ನಾಣ್ಯದ ಅಂಗಡಿಗಳಿವೆ. ಕೈಯಲ್ಲಿ ಹಿಡಿದು, ಅಂಚು ತಿರುಗಿಸಿ ನೋಡಿ ಕೊಳ್ಳುವುದಕ್ಕೆ ಸಮ ಯಾವುದೂ ಇಲ್ಲ. ಆನ್‌ಲೈನ್‌ನಲ್ಲಾದರೆ ಅಂಚಿನ ಫೋಟೋ, ತೂಕ, ಅಗಲ ಮೂರನ್ನೂ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ವಾಪಸ್ ಕಳಿಸಬಹುದು ಅನ್ನುವ ಧೈರ್ಯದ ಮೇಲೆ ಕೊಳ್ಳಬೇಡಿ. ನಮ್ಮ ದೇಶದಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಒಳಗೆ ಬಂದ ಹಳೆಯ ಬಿಲ್ಲೆ ಇಲ್ಲೇ ಉಳಿಯುತ್ತದೆ ಅಂತ ಭಾವಿಸಿಯೇ ಆರ್ಡರ್ ಮಾಡಿ. ಕೊಂಡ ರಸೀದಿ ಜೋಪಾನವಾಗಿಡಿ.

ಮನೆಗೆ ತಂದ ಮೇಲೆ ನಮ್ಮ ಮಳೆಗಾಲದ್ದೇ ಚಿಂತೆ. ತಾಮ್ರದ ಮೇಲೆ ಪುಡಿಪುಡಿಯಾದ ತಿಳಿ ಹಸಿರು ಕಲೆ ಎದ್ದರೆ ಅದು ಒಳಗೇ ತಿನ್ನುತ್ತಾ ಹೋಗುತ್ತದೆ, ಪಕ್ಕದ ಬಿಲ್ಲೆಗಳಿಂದ ತಕ್ಷಣ ಬೇರೆ ಮಾಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅದು ಬೆವರಿ ಲೋಹಕ್ಕೆ ಅಂಟುತ್ತದೆ. ನಾನು ಆಮ್ಲ ಇಲ್ಲದ ಕಾಗದದ ಪುಟ್ಟ ಲಕೋಟೆ ಬಳಸುತ್ತೇನೆ, ಅದರ ಮೇಲೇ ಹೆಸರು, ಇಸವಿ, ಅಂಚಿನ ವಿವರ ಬರೆಯುತ್ತೇನೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಬದಲಾಯಿಸಬೇಕು. ಮಂಗಳೂರು, ಕಾರವಾರದ ಕಡೆಯವರು ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದರೆ ಒಳ್ಳೆಯದು.